ಓ ಅನ್ನದವನು

ಚಾಂಪಿಯನ್ ರೀಫ್ಸ್
೧೧-೨-೧೯೭೯

ಕೋದಂಡ,

ಮನೆಯ ಸಮಾಚಾರವೆಲ್ಲ ಇನ್ನೊಂದು ಸಲ. ವಾರಪತ್ರಿಕೆಯಲ್ಲಿ ಬಂದ ನಿನ್ನ ಕಥೆ ಓದಿದೆ. ನಾನಾಗಿ ಓದಲಿಲ್ಲ, ಟೀ ಅಂಗಡಿಯ ಬಚ್ಚಪ್ಪ ಕೂರಿಸಿಕೊಂಡು ಓದಿಸಿದ. ನಾಲ್ಕು ಜನ ಸುತ್ತ ನಿಂತಿದ್ದರು. ಮುಗಿದ ಮೇಲೆ ಬಚ್ಚಪ್ಪ ನನ್ನ ಎರಡೂ ಕೈ ಹಿಡಿದುಕೊಂಡು, "ಏನ್ ಮುನಿಸಾಮಣ್ಣ, ಇಂಥಾ ಕೆಲ್ಸ ಮಾಡಿ ಇಷ್ಟು ವರ್ಷ ಬಾಯೇ ಬಿಡ್ಲಿಲ್ವಲ್ಲಣ್ಣ ನೀನು!" ಎಂದ.

ನೀನು ಊರಿನ ಹೆಸರು ಬದಲಾಯಿಸಿದ್ದೀಯ. ನಮ್ಮ ಗಣಿಯ ಶಾಫ್ಟಿನ ಹೆಸರನ್ನೂ ಬದಲಾಯಿಸಿದ್ದೀಯ. ನನ್ನ ಜೊತೆ ಕೆಲಸಕ್ಕಿದ್ದ ಪೆರುಮಾಳನನ್ನು ಆರುಮುಗಂ ಮಾಡಿದ್ದೀಯ. ಆದರೆ ಅವನ ಎಡಗೈ ಡ್ರಿಲ್ಲು, ಕೊರಳಿನ ತಾಮ್ರದ ತಾಯಿತ, ಶಿಫ್ಟ್ ಮುಗಿಸಿ ಮಗಳಿಗೆ ಕೊಂಡೊಯ್ಯುತ್ತಿದ್ದ ಜೀರಿಗೆ ಮಿಠಾಯಿ, ಎಲ್ಲವನ್ನೂ ಇದ್ದದ್ದು ಇದ್ದಂತೆ ಇಟ್ಟಿದ್ದೀಯ. ಹೆಸರು ಬದಲಾದರೆ ಮನುಷ್ಯ ಬದಲಾಗುತ್ತಾನೆಯೇ? ನಮ್ಮ ಲೈನ್ ಮನೆಗಳಲ್ಲಿ ಎಲ್ಲರಿಗೂ ಗೊತ್ತಾಗಿದೆ.

ಅದು ಹೋಗಲಿ. ಏಳು ವರ್ಷದ ಹಿಂದೆ ನಿನ್ನ ಮನೆಯ ಜಗುಲಿಯಲ್ಲಿ ಕೂತು ನಾನು ಹೇಳಿದ್ದೇನು, ನೀನು ಬರೆದದ್ದೇನು? ಬಂಡೆ ಸಿಡಿದು ಸುರಂಗ ಕುಸಿದಾಗ ಪೆರುಮಾಳನಿಗೂ ನನಗೂ ನಡುವೆ ಇಪ್ಪತ್ತು ಅಡಿ ಇತ್ತು. ನನ್ನ ದೀಪ ಒಡೆದಿತ್ತು. ಕತ್ತಲಲ್ಲಿ ಅವನು "ಮುನಿಸಾಮಿ" ಎಂದು ಮೂರು ಸಲ ಕರೆದ. ನನಗೆ ಸ್ಪಷ್ಟವಾಗಿ ಕೇಳಿಸಿತು. ಓ ಅಂದರೆ ಹೋಗಲೇಬೇಕಾಗುತ್ತದೆ, ಹೋದರೆ ಇನ್ನೊಮ್ಮೆ ಸಿಡಿದು ನಾನೂ ಸಾಯುತ್ತೇನೆ ಎಂದು ಬಾಯಿಗೆ ಕೈ ಅಡ್ಡ ಹಿಡಿದು ಕೂತೆ. ನಾಲ್ಕನೆಯ ಸಲ ಅವನು ಕರೆಯಲಿಲ್ಲ. ಅಷ್ಟೇ ನಡೆದದ್ದು. ಅವನ ಹೆಂಡತಿ ಮಾರಿಯಮ್ಮನಿಗೆ ಮಾತ್ರ, ಒಂದೇ ಕ್ಷಣದಲ್ಲಿ ಜೀವ ಹೋಯಿತು, ಅವನಿಗೆ ಏನೂ ಗೊತ್ತಾಗಲಿಲ್ಲ ಎಂದು ಹೇಳಿದ್ದೆ.

ನಿನ್ನ ಕಥೆಯಲ್ಲಿ ನಾನು ತೆವಳಿಕೊಂಡು ಹೋಗಿ ಅವನ ಕೈ ಹಿಡಿಯುತ್ತೇನೆ. ಅವನು, "ಮಾರಿಗೆ ಹೇಳು, ಮಗಳ ಓದು ಬಿಡಿಸಬಾರದು" ಎಂದು ಹೇಳಿ ಪ್ರಾಣ ಬಿಡುತ್ತಾನೆ.

ಮಾರಿಯಮ್ಮನಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಮಗಳು ಪೂಂಗೊಡಿ ಎಸ್ಸೆಸ್ಸೆಲ್ಸಿ, ಕನ್ನಡ ಶಾಲೆ. ಅವಳು ಓದಿ ಹೇಳಿದ್ದಾಳೆ. ನಿನ್ನೆ ಮಾರಿಯಮ್ಮ ನಮ್ಮ ಬಾಗಿಲಿಗೆ ಬಂದು ನಿಂತಳು. "ಅಣ್ಣೇ, ಅವ್ರು ಆ ಮಾತು ಹೇಳಿದ್ದು ನಿಜಾನಾ? ಯಾಕೆ ನನ್ಹತ್ರ ಮರೆಮಾಡಿದ್ರಿ?"

ನಾನು ತಲೆ ಆಡಿಸಿದೆ. ಹೌದು ಎಂದೋ ಇಲ್ಲ ಎಂದೋ ನನಗೇ ತಿಳಿಯದು. ಅವಳು ಹೌದು ಎಂದುಕೊಂಡು ಹೋದಳು.

ನಾನೀಗ ಏನು ಮಾಡಲಿ, ಹೇಳು.

ಮುನಿಸ್ವಾಮಪ್ಪ


ಬಂಗಾರಪೇಟೆ
೧೯-೨-೧೯೭೯

ಪ್ರಿಯ ಮುನಿಸಾಮಿ,

ನಿನ್ನ ಕಾಗದ ಶಾಲೆಯ ವಿಳಾಸಕ್ಕೆ ಬಂದಿತ್ತು. ಸ್ಟಾಫ್ ರೂಮಿನಲ್ಲೇ ಒಡೆದು ಓದಿ, ಮುಂದಿನ ಪೀರಿಯಡ್ಡಿನಲ್ಲಿ ಹುಡುಗರಿಗೆ ಏನು ಪಾಠ ಹೇಳಿದೆನೋ ನನಗೆ ನೆನಪಿಲ್ಲ.

ನಿನ್ನನ್ನು ಕೇಳದೆ ಬರೆದದ್ದು ತಪ್ಪು. ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಅದನ್ನು ಬರೆದದ್ದೇಕೆ ಎಂದು ಕೇಳು. ಆ ದಿನ ನೀನು ಹೇಳಿ ಎದ್ದು ಹೋದ ಮೇಲೆ ಆ ಮೂರು ಕೂಗು ನನ್ನ ಮನೆಯಲ್ಲೇ ಉಳಿದುಬಿಟ್ಟವು. ಎಷ್ಟೋ ಸಲ ಬರೆಯಲು ಕೂತೆ. ನೀನು ಬಾಯಿಗೆ ಕೈ ಅಡ್ಡ ಹಿಡಿದು ಕೂತ ಜಾಗಕ್ಕೆ ಬಂದಾಗಲೆಲ್ಲ ಪೆನ್ನು ನಿಲ್ಲುತ್ತಿತ್ತು. ಕೊನೆಗೊಂದು ದಿನ ನಿನ್ನನ್ನು ಅಲ್ಲಿಂದ ಎಬ್ಬಿಸಿದೆ. ಆ ಇಪ್ಪತ್ತು ಅಡಿ ನಡೆಸಿದೆ. ಆಮೇಲೆ ಕಥೆ ತಾನಾಗಿ ಓಡಿತು. ನಿನ್ನಿಂದ ಆಗದೆ ಹೋದದ್ದನ್ನು ಕಾಗದದ ಮೇಲಾದರೂ ಮಾಡಿಸಿದೆನಲ್ಲ ಎಂದು ಸಮಾಧಾನಪಟ್ಟಿದ್ದೆ.

ಕಥೆ ಬರೆಯುವವನು ಅಳತೆಗೋಲು ಹಿಡಿದು ಬರೆಯಲಾಗುವುದಿಲ್ಲ ಮುನಿಸಾಮಿ. ಇದ್ದ ಮನೆಯ ಕಲ್ಲು ತೆಗೆದು ಇಲ್ಲದ ಮನೆ ಕಟ್ಟುವ ಕೆಲಸ ಇದು. ಮಿಠಾಯಿ ನಿಜ, ಮಾತು ನನ್ನದು. ಎರಡನ್ನೂ ಒಂದೇ ಗೋಡೆಯಲ್ಲಿ ಸೇರಿಸಿದೆ. ಆ ಗೋಡೆಗೆ ಒರಗಲು ಒಬ್ಬಳು ಬಂದಾಳೆಂದು ಯೋಚಿಸಿರಲಿಲ್ಲ.

ಇನ್ನೊಂದು ಮಾತು. ಹೇಳದಿದ್ದರೆ ಮುಚ್ಚಿಟ್ಟಂತಾಗುತ್ತದೆ. ಬೆಂಗಳೂರಿನ ಪ್ರಕಾಶಕರೊಬ್ಬರು ನನ್ನ ಕಥೆಗಳನ್ನು ಪುಸ್ತಕ ಮಾಡುತ್ತೇವೆ ಎಂದಿದ್ದಾರೆ. ಈ ಕಥೆಯೇ ಮೊದಲಿರಬೇಕಂತೆ.

ಬೈದಾದರೂ ಬರೆ, ಸುಮ್ಮನಿರಬೇಡ.

ನಿನ್ನವನೇ,
ಕೋದಂಡಪ್ಪ


ಚಾಂಪಿಯನ್ ರೀಫ್ಸ್
೨೫-೩-೧೯೭೯

ಕೋದಂಡ,

ಬೈಯಲು ಕೂತೆ, ಆಗಲಿಲ್ಲ. ಬೇತಮಂಗಲದ ಕೆರೆ ಏರಿ ಮೇಲೆ ನಡೆದು ಶಾಲೆಗೆ ಹೋಗುವಾಗಲೂ ನೀನು ಹೀಗೇ ಇದ್ದೆ. ಅರ್ಧ ಕಂಡದ್ದು, ಅರ್ಧ ಕಟ್ಟಿದ್ದು. ನಾನು ಎರಡನ್ನೂ ನಂಬುತ್ತಿದ್ದೆ.

ಇಲ್ಲಿ ಒಂದು ಸಂಗತಿ ಆಗಿದೆ. ಮಾರಿಯಮ್ಮನ ತಮ್ಮ ವಾಣಿಯಂಬಾಡಿಯಲ್ಲಿದ್ದಾನೆ. ಪರೀಕ್ಷೆ ಮುಗಿದ ಕೂಡಲೇ ಪೂಂಗೊಡಿಯನ್ನು ಅವನಿಗೇ ಕೊಟ್ಟು ಮದುವೆ ಮಾಡುವುದೆಂದು ಮಾತಾಗಿತ್ತಂತೆ. ಅವನಿಗೆ ಮೂವತ್ತು ದಾಟಿದೆ, ಹುಡುಗಿಗೆ ಹದಿನಾರು. ಹೋದ ವಾರ ತಾಂಬೂಲ ಹಿಡಿದು ಬಂದವನನ್ನು ಮಾರಿಯಮ್ಮ ಹಿಂದಕ್ಕೆ ಕಳಿಸಿದ್ದಾಳೆ. "ಅವಳಪ್ಪ ಸಾಯೋವಾಗ ಹೇಳಿದ ಮಾತು ಮೀರಲ್ಲ" ಎಂದಳಂತೆ. ಅವನು ನನ್ನ ಹತ್ತಿರ ಬಂದು ವಿಚಾರಿಸಿದ. ಸಾಕ್ಷಿ ಬೇಕಲ್ಲ! ನಾನು ಈ ಸಲ ಸುಮ್ಮನೆ ತಲೆಯಾಡಿಸಲಿಲ್ಲ, ಬಾಯಿಬಿಟ್ಟೇ ಹೌದು ಎಂದೆ.

ಅಂದಿನಿಂದ ಮಾರಿಯಮ್ಮ ಬೆಳಿಗ್ಗೆ ಸ್ಟೇಷನ್ನಿನ ಹತ್ತಿರ ಇಡ್ಲಿ ಮಾರಿ ಹಿಂದಿರುಗುವಾಗ ನಮ್ಮ ಮನೆಗೆ ನಾಲ್ಕು ಇಡ್ಲಿ ಕೊಟ್ಟು ಹೋಗುತ್ತಾಳೆ. ಬೇಡ ಎಂದರೂ ಕೇಳುವುದಿಲ್ಲ. ಬಾಗಿಲಲ್ಲಿ ಕೂತು ಒಂದೊಂದೇ ಕೇಳುತ್ತಾಳೆ. ಯಾವ ಸ್ವರದಲ್ಲಿ ಹೇಳಿದರು? ನೋವು ಜಾಸ್ತಿ ಇತ್ತಾ? ನೀರು ಕೇಳಿದರಾ? ನಾನು ದಿನಕ್ಕೊಂದು ಸೇರಿಸುತ್ತಿದ್ದೇನೆ ಕೋದಂಡ. ಮೊನ್ನೆ, ಅವನು ನಕ್ಕ ಹಾಗೆ ಅನ್ನಿಸಿತು ಎಂದೆ. ಕತ್ತಲಲ್ಲಿ ನಗು ಹೇಗೆ ಕಂಡಿತು ಎಂದು ಅವಳು ಕೇಳಲಿಲ್ಲ. ನನ್ನನ್ನೇ ನೋಡುತ್ತಾ ಕೂತಿದ್ದಳು.

ಆ ಇಡ್ಲಿ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಅಕ್ಕಯ್ಯಮ್ಮ ನನ್ನ ಹೆಂಡತಿಯಾದರೂ ಅವಳಿಗೂ ನಾನು ನಿಜ ಹೇಳಿರಲಿಲ್ಲ. ಮೊನ್ನೆ ಹೇಳಿದೆ. ಒಲೆ ಮುಂದೆ ಕೂತಿದ್ದವಳು ತಿರುಗಿಯೂ ನೋಡದೆ, "ಅಯ್ಯೋ, ಇದ್ನ ಒಟ್ಟೇಲಿ ಇಟ್ಕಂಡು ಎಂಗಪ್ಪ ಉಂಡೆ ಇಷ್ಟು ವರ್ಷ?" ಎಂದಳು. ಮತ್ತೆ, "ಓಗಿ ಯೋಳ್ಬುಡು" ಎಂದಳು.

ಹೇಳಿದರೆ ಹುಡುಗಿಯ ಓದು ಹೋಗುತ್ತದೆ. ಹೇಳದಿದ್ದರೆ ಈ ಇಡ್ಲಿ.

ಮುನಿಸ್ವಾಮಪ್ಪ


ಬಂಗಾರಪೇಟೆ
೩೦-೩-೧೯೭೯

ಮುನಿಸಾಮಿ,

ಅಂಚೆಯ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಅದಕ್ಕೆ ನಾಲ್ಕೇ ಸಾಲು. ಹೇಳಬೇಡ. ದಯವಿಟ್ಟು ಹೇಳಬೇಡ. ನಾನು ಕಟ್ಟಿದ ಒಂದು ಸುಳ್ಳು ಒಂದು ಹುಡುಗಿಯನ್ನು ಓದಿನಲ್ಲಿ ಉಳಿಸಿದೆ. ಇಪ್ಪತ್ತು ವರ್ಷ ಮೇಷ್ಟ್ರ ಕೆಲಸ ಮಾಡಿ ನಾನು ನೇರವಾಗಿ ಎಷ್ಟು ಹುಡುಗಿಯರನ್ನು ಹಾಗೆ ಉಳಿಸಿದ್ದೇನೆ? ನಿನ್ನ ಮನಸ್ಸು ಹಗುರವಾಗಲೆಂದು ಅವಳ ಓದು ಕಳೆಯಬೇಡ. ಕಷ್ಟವಾದರೂ ಹೊತ್ತುಕೋ.

ಕೋದಂಡ


ಚಾಂಪಿಯನ್ ರೀಫ್ಸ್
೬-೫-೧೯೭೯

ಕೋದಂಡ,

ಹೇಳಿಬಿಟ್ಟೆ.

ನಿನ್ನ ಮಾತನ್ನು ಮೂರು ವಾರ ಉಳಿಸಿಕೊಂಡೆ. ಆಮೇಲೆ ಒಂದು ದಿನ ಅವಳು ಪೆರುಮಾಳನ ಒಂದು ಅಂಗಿ ತಂದು ಕೊಟ್ಟಳು. ಏಳು ವರ್ಷ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಿದ್ದದ್ದು. "ಅವ್ರ ಕೈ ಹಿಡ್ಕೊಂಡಿದ್ದವರು ನೀವು. ನೀವೇ ಹಾಕ್ಕೊಳ್ಳಿ" ಎಂದಳು. ಅದನ್ನು ಹೇಗೆ ಹಾಕಿಕೊಳ್ಳಲಿ ಹೇಳು!

ಮಾರನೆಯ ದಿನ ಮಧ್ಯಾಹ್ನ ಅಂಗಿ ಹಿಡಿದುಕೊಂಡು ಹೋದೆ. ನಮ್ಮ ಲೈನಿನ ಹಿಂದೆ ತಡಿಕೆ ಕಟ್ಟಿದ ಎರಡು ಕೋಣೆಯ ಮನೆ ಅವಳದು. ಹೊರಗೆ ಒರಳಿನಲ್ಲಿ ಹಿಟ್ಟು ರುಬ್ಬುತ್ತಿದ್ದಳು. ನಾನು ನಿಂತೇ ಹೇಳಿದೆ. ಕೂತರೆ ಹೇಳಲಾರೆ ಅನ್ನಿಸಿತು. ಕೈ ಹಿಡಿದದ್ದು ಸುಳ್ಳು, ಓದಿನ ಮಾತು ಸುಳ್ಳು, ನನ್ನ ಸ್ನೇಹಿತ ಕಟ್ಟಿದ್ದು, ನಾನು ಹೌದು ಎಂದದ್ದು ಎಂದೆ. ಅವನು ನನ್ನ ಹೆಸರು ಹಿಡಿದು ಕರೆದದ್ದಷ್ಟೇ ನಿಜ ಎಂದೆ.

ರುಬ್ಬುಗುಂಡಿನ ಮೇಲೆ ಅವಳ ಕೈ ನಿಂತಿತು.

"ಎಷ್ಟು ಸಲ ಕರೆದ್ರು?"

"ಮೂರು ಸಲ."

"ನಿಮಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣಮ್ಮ."

"ಮತ್ತೆ?"

"ಓ ಅನ್ಲಿಲ್ಲ. ಭಯ ಆಯ್ತು."

ಹೋಗಿದ್ದರೆ ಉಳಿಯುತ್ತಿದ್ದನಾ ಎಂದು ಅವಳು ಕೇಳುತ್ತಾಳೆಂದು ಕಾದೆ. ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಆಗ ಅವನ ದೇಹ ನೋಡಿದ ಡಾಕ್ಟರೇ ಹೇಳಿದ್ದರು, ಯಾರು ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದು. ಅವಳು ಅದನ್ನು ಕೇಳಲೇ ಇಲ್ಲ. ಅಂಗಿಗಾಗಿ ಕೈ ಚಾಚಿದಳು. ಕೊಟ್ಟೆ. ಮಡಿಲಲ್ಲಿಟ್ಟುಕೊಂಡು ಮತ್ತೆ ರುಬ್ಬತೊಡಗಿದಳು. "ಹೋಗಿ ಅಣ್ಣೇ" ಎಂದಳು, ತಲೆ ಎತ್ತದೆ. ಒಳಬಾಗಿಲಲ್ಲಿ ಪೂಂಗೊಡಿ ನಿಂತಿದ್ದಳು. ಅವಳೂ ಕೇಳಿಸಿಕೊಂಡಿದ್ದಾಳೆ.

ಈಗ ಹನ್ನೆರಡು ದಿನವಾಯಿತು. ಇಡ್ಲಿ ಬರುತ್ತಿಲ್ಲ. ನಮ್ಮ ಮನೆ ಮುಂದೆ ಬರುವ ದಾರಿ ಬಿಟ್ಟು ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಸುತ್ತಿಕೊಂಡು ಹೋಗುತ್ತಾಳೆ.

ನೀನು ಬೇಡ ಎಂದಿದ್ದೆ. ಕ್ಷಮಿಸು ಎಂದು ಕೇಳುವುದಿಲ್ಲ.

ಮುನಿಸ್ವಾಮಪ್ಪ


ಬಂಗಾರಪೇಟೆ
೧೪-೫-೧೯೭೯

ಮುನಿಸಾಮಿ,

ಭಾನುವಾರ ಬೆಳಗಿನ ಗಾಡಿಗೆ ಚಾಂಪಿಯನ್ನಿಗೆ ಬಂದಿದ್ದೆ. ನೀನು ಶಿಫ್ಟಿನಲ್ಲಿದ್ದೆ. ಅಕ್ಕಯ್ಯಮ್ಮ ಕಾಫಿ ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ಅದು ಸರಿಯೇ.

ಸ್ಟೇಷನ್ನಿನ ಹತ್ತಿರ ಇಡ್ಲಿ ಮಾರುವ ಹೆಂಗಸನ್ನು ನೋಡಿದೆ. ಅವರೇ ಎಂದು ಗೊತ್ತಾಯಿತು. ನಾನೇ ಆ ಕಥೆ ಬರೆದವನು ಎಂದು ಹೇಳಿ ಕ್ಷಮೆ ಕೇಳಬೇಕೆಂದೇ ಬಂದಿದ್ದೆ. ಎದುರು ನಿಂತಾಗ ಬಾಯಿ ಬರಲಿಲ್ಲ. ಎರಡು ಇಡ್ಲಿ ತಿಂದು, ಎಲೆ ಎಸೆದು, ಮುಂದಿನ ಗಾಡಿಗೆ ಬಂಗಾರಪೇಟೆಗೆ ವಾಪಸು ಬಂದೆ. ನಾಲ್ಕೇ ಅಡಿ ದೂರವಿತ್ತು. ಬೆಳಕೂ ಇತ್ತು. ನೀನು ಕತ್ತಲಲ್ಲಿ ಇಪ್ಪತ್ತು ಅಡಿ ಹೋಗಲಿಲ್ಲವೆಂದು ಕಥೆ ಬರೆದು ನಿನ್ನನ್ನು ತಿದ್ದಲು ಹೊರಟವನು ನಾನು.

ಆ ಕಥೆಯನ್ನು ಪುಸ್ತಕದಿಂದ ತೆಗೆಯಿರಿ ಎಂದು ಪ್ರಕಾಶಕರಿಗೆ ಬರೆದಿದ್ದೇನೆ.

ಕೋದಂಡ


ಚಾಂಪಿಯನ್ ರೀಫ್ಸ್
೧೦-೬-೧೯೭೯

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಾನು ದಿವಂಗತ ಪೆರುಮಾಳ್ ಅವರ ಮಗಳು ಪೂಂಗೊಡಿ. ನಿಮ್ಮ ವಿಳಾಸವನ್ನು ಅಕ್ಕಯ್ಯಮ್ಮತ್ತೆಯ ಹತ್ತಿರ ತೆಗೆದುಕೊಂಡೆ. ತಪ್ಪಿದ್ದರೆ ಮನ್ನಿಸಬೇಕು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೇನೆ. ಕನ್ನಡದಲ್ಲಿ ಎಪ್ಪತ್ತೆಂಟು.

ನೀವು ಕಥೆಯನ್ನು ಪುಸ್ತಕದಿಂದ ತೆಗೆಯುತ್ತೀರೆಂದು ಅತ್ತೆ ಹೇಳಿದರು. ಅದಕ್ಕೇ ಈ ಕಾಗದ.

ಮುನಿಸಾಮಿ ಮಾಮ ಬಂದು ನಿಜ ಹೇಳಿದ ಮೇಲೆ ಸುದ್ದಿ ಹೇಗೋ ವಾಣಿಯಂಬಾಡಿಗೆ ಮುಟ್ಟಿ ನನ್ನ ಸೋದರಮಾವ ಮತ್ತೆ ಬಂದರು. "ಎಲ್ಲ ಬರೀ ಕಥೆ ಅಂತಲ್ಲ ಅಕ್ಕಾ, ಇನ್ನೇನು ಅಡ್ಡಿ?" ಎಂದರು. ಅಮ್ಮ ಅವರಿಗೆ ಊಟ ಬಡಿಸಿದಳು. ಊಟ ಮುಗಿದ ಮೇಲೆ ಹೇಳಿದಳು: "ಅವ್ರು ಹೇಳ್ಲಿಲ್ಲ, ಸರಿ. ಈಗ ನಾನ್ ಸೊಲ್ರೇನ್. ಮಗು ಓದ್ತಾಳೆ." ನಾನು ಹೇಳುತ್ತಿದ್ದೇನೆ ಎಂದು ತಮಿಳಿನಲ್ಲಿ ಹೇಳಿದಳು. ಮಾವ ಕೈ ತೊಳೆದುಕೊಂಡು ಹೊರಟುಹೋದರು.

ನಾನು ಅಮ್ಮನನ್ನು ಕೇಳಿದೆ, ಅಪ್ಪ ಆ ಮಾತು ಹೇಳಲಿಲ್ಲ ಎಂದು ನಿನಗೆ ದುಃಖವಾಯಿತಾ ಎಂದು. ಅಮ್ಮ ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ನಾನು ಕಥೆ ಓದಿದ ಮೊದಲ ದಿನವೇ ಆ ಮಾತು ಸುಳ್ಳೆಂದು ಅವಳಿಗೆ ಗೊತ್ತಿತ್ತಂತೆ. ಅಪ್ಪ ಅವಳನ್ನು ಯಾವತ್ತೂ ಮಾರಿ ಎಂದು ಕರೆದವರೇ ಅಲ್ಲವಂತೆ. ತಮಿಳಿನಲ್ಲಿ "ಇಂದಾ", ಇಗೋ ನೋಡು, ಎನ್ನುತ್ತಿದ್ದರಂತೆ, ಅಷ್ಟೆ. "ಮತ್ತೆ ಯಾಕಮ್ಮ ನಂಬಿದ ಹಾಗೆ ಮಾಡಿದೆ?" ಎಂದೆ. "ನಿನ್ ಮಾವನ ಮುಂದೆ ಇಡೋಕೆ ಒಂದು ಗಂಡಸಿನ ಮಾತು ಬೇಕಾಗಿತ್ತು" ಎಂದಳು. ಆಮೇಲೆ, "ಅಣ್ಣ ಏನೋ ಮುಚ್ಚಿಟ್ಟಿದ್ದಾರೆ ಅಂತ ಮೊದ್ಲಿಂದ ಗೊತ್ತು. ದಿನಾ ಹೋಗಿ ಕೂತ್ರೆ ಒಂದಿನ ಬಾಯಿ ಬಿಡ್ತಾರೆ ಅಂದ್ಕೊಂಡೆ" ಎಂದಳು.

ಮುನಿಸಾಮಿ ಮಾಮನ ವಿಷಯ ನಾನು ಎತ್ತಿದರೆ ಮಾತ್ರ ಅಮ್ಮ ಎದ್ದು ಹೋಗುತ್ತಾಳೆ.

ಮೇಷ್ಟ್ರೇ, ಆ ಕಥೆಯನ್ನು ತೆಗೆಯಬೇಡಿ. ಅಪ್ಪ ಹೇಗೆ ಡ್ರಿಲ್ಲು ಹಿಡಿಯುತ್ತಿದ್ದರು ಎಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ನಾನು ನಿಮ್ಮ ಕಥೆಯಲ್ಲೇ ಓದಿದ್ದು. ಸುಳ್ಳಿರುವ ಕಡೆ ಸರಿಮಾಡಿ. ಉಳಿದದ್ದು ಇರಲಿ.

ಇತಿ ನಮಸ್ಕಾರಗಳೊಂದಿಗೆ,
ಪಿ. ಪೂಂಗೊಡಿ


ಬಂಗಾರಪೇಟೆ
೨೬-೬-೧೯೭೯

ಮುನಿಸಾಮಿ,

ಇದರ ಜೊತೆ ಹದಿನಾಲ್ಕು ಹಾಳೆ ಇದೆ. ಆ ಹುಡುಗಿಯ ಕಾಗದ ಬಂದ ಮೇಲೆ ಮತ್ತೆ ಬರೆದೆ. ಈ ಸಲ ಸಂಪಾದಕರಿಗೂ ಮೊದಲು, ಪ್ರಕಾಶಕರಿಗೂ ಮೊದಲು ನಿನಗೆ ಕಳಿಸುತ್ತಿದ್ದೇನೆ.

ನಿನ್ನನ್ನು ಕಾಪಾಡಲು ಹಿಂದೆ ಹಾಗೆ ಬರೆದೆ ಎಂದುಕೊಂಡಿದ್ದೆ. ಹಾಗಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಕೂತ ಮನುಷ್ಯನ ಪಕ್ಕದಲ್ಲಿ ಅಷ್ಟು ಹೊತ್ತು ಕೂತಿರುವುದು ನನ್ನಿಂದಾಗಲಿಲ್ಲ. ಅದಕ್ಕೇ ಅವನನ್ನು ಎಬ್ಬಿಸಿದೆ. ಈಗ ಕೂತಿದ್ದೇನೆ. ನಾಲ್ಕು ಹಾಳೆ ಪೂರ್ತಿ ಅವನು ಅಲ್ಲೇ ಇರುತ್ತಾನೆ. ಕರೆಯುವವನು ಕರೆಯುತ್ತಾನೆ.

ಇದರಲ್ಲೂ ಕಟ್ಟಿದ್ದು ಇದೆ. ಶಾಫ್ಟಿಗೆ ಇಲ್ಲದ ಹೆಸರಿಟ್ಟಿದ್ದೇನೆ. ಊರು ಇನ್ನೊಂದು. ಆ ದಿನ ಮಳೆ ಬಂದಿತ್ತೋ ಇಲ್ಲವೋ ಗೊತ್ತಿಲ್ಲ, ಬಂದಿತ್ತೆಂದು ಬರೆದಿದ್ದೇನೆ. ಆದರೆ ಯಾರ ಬಾಯಲ್ಲೂ ಅವರು ಆಡದ ಮಾತು ಇಟ್ಟಿಲ್ಲ. ನಿನಗೆ ಒಂದು ಸಾಲು ಬೇಡವಾದರೂ ಇಡೀ ಕಥೆ ಬೇಡ ಎಂದು ಬರೆ. ಹರಿದು ಹಾಕುತ್ತೇನೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದು ಪ್ರತಿ ಪೂಂಗೊಡಿಗೆ ಕಳಿಸಿದ್ದೇನೆ, ತಾಯಿಗೆ ಓದಿ ಹೇಳಲೆಂದು. ನಾನೇ ಇಡ್ಲಿ ತಿಂದು ಓಡಿಹೋದ ಮೇಷ್ಟ್ರು ಎಂದೂ ಅದರಲ್ಲಿ ಬರೆದಿದ್ದೇನೆ.

ಕೋದಂಡ


ಚಾಂಪಿಯನ್ ರೀಫ್ಸ್
೧೨-೭-೧೯೭೯

ಪ್ರೀತಿಯ ಕೋದಂಡ,

ಹದಿನಾಲ್ಕು ಹಾಳೆಯನ್ನೂ ಓದಿದೆ. ನೀನು ಹೇಳಿದ ಆ ನಾಲ್ಕು ಹಾಳೆ ಓದಲು ಎರಡು ದಿನ ಬೇಕಾಯಿತು. ಒಂದೇ ಒಂದು ಕಡೆ ತಿದ್ದು. ಬಾಯಿಗೆ ಒಂದು ಕೈ ಅಡ್ಡ ಹಿಡಿದೆ ಎಂದು ಬರೆದಿದ್ದೀಯ. ಎರಡೂ ಕೈ. ಮಳೆ ಇರಲಿಲ್ಲ, ಆದರೆ ಇರಲಿ, ಚೆನ್ನಾಗಿದೆ. ಅಚ್ಚು ಹಾಕಿಸು. ಬಚ್ಚಪ್ಪನ ಅಂಗಡಿಯಲ್ಲಿ ಯಾರು ಏನನ್ನುತ್ತಾರೋ ಅನ್ನಲಿ.

ಈಗ ನಿನ್ನೆಯ ವಿಷಯ. ಬೆಳಿಗ್ಗೆ ಹತ್ತು ಗಂಟೆ ಇರಬಹುದು, ನಾನು ಎರಡನೇ ಶಿಫ್ಟು, ಮನೆಯಲ್ಲಿದ್ದೆ. ಮಾರಿಯಮ್ಮ ಬಾಗಿಲಿಗೆ ಬಂದಳು. ಎರಡು ತಿಂಗಳ ಮೇಲಾಗಿತ್ತು ಅವಳು ಈ ಕಡೆ ಬಂದು. ಕೈಯಲ್ಲಿ ಇಡ್ಲಿ ಇರಲಿಲ್ಲ, ಕಾಲೇಜಿನ ಅರ್ಜಿ ಇತ್ತು. ಒಳಗೆ ಬಾ ಎಂದು ಅಕ್ಕಯ್ಯಮ್ಮ ಕರೆದರೂ ಬರಲಿಲ್ಲ. ಹೊಸಿಲ ಆಚೆಯೇ ನಿಂತು ಅರ್ಜಿ ಮುಂದೆ ಹಿಡಿದಳು. ಪೂಂಗೊಡಿಯ ಹೆಸರು, ತಂದೆಯ ಹೆಸರು, ಎಲ್ಲ ತುಂಬಿತ್ತು. ಕೆಳಗೆ ಪೋಷಕರ ಸಹಿ ಎಂಬ ಜಾಗ ಖಾಲಿ ಇತ್ತು.

"ನನ್ನ ಹೆಬ್ಬೆಟ್ಟು ಆಗಲ್ವಂತೆ, ತಮ್ಮ ಹಾಕಲ್ಲ ಅಂದ. ನೀವು ಹಾಕಿ" ಎಂದಳು.

ನಾನು ಪೆನ್ನು ಮುಟ್ಟಲಿಲ್ಲ. "ನಾನಾ? ಅಷ್ಟೆಲ್ಲ ಆದ್ಮೇಲೆ ನಾನು ಎಂಗಮ್ಮ ಆಕ್ಲಿ?" ಎಂದೆ.

ಅವಳು ನನ್ನ ಮುಖ ನೋಡಿದಳು. ಒರಳಿನ ಮುಂದೆ ಅಂದು ಎತ್ತದ ತಲೆಯನ್ನು ಈಗ ಎತ್ತಿದ್ದಳು. ಕೋಪವಿರಲಿಲ್ಲ. ಸಮಾಧಾನವಾಗಿದೆ ಎಂದೂ ಹೇಳಲಾರೆ.

"ಆವತ್ತು ಭಯ ಬಿದ್ರಿ ಅಣ್ಣೇ. ಇವತ್ತೂ ಭಯನಾ?"

ಅಕ್ಕಯ್ಯಮ್ಮ ಒಳಗಿನಿಂದ ಮಣೆ ತಂದುಕೊಟ್ಟಳು. ಅದರ ಮೇಲೆ ಹಾಳೆ ಇಟ್ಟು, ಕಾಲೇಜಿನವರಿಗೆ ಸ್ಪಷ್ಟವಾಗಿ ಕಾಣಲೆಂದು ದಪ್ಪಕ್ಷರದಲ್ಲಿ ಪೂರ್ತಿ ಹೆಸರು ಬರೆದೆ. ಮಸಿ ಒಣಗುವ ತನಕ ಅವಳು ಕಾದಳು. ಓದಲು ಬಾರದಿದ್ದರೂ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಆ ಜಾಗವನ್ನು ನೋಡಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ" ಎಂದೆ.

ಕಾಲೇಜಿನ ಆಫೀಸು ಒಂದು ಗಂಟೆಗೆ ಮುಚ್ಚುತ್ತದೆಂದು ಬೇಗ ಬೇಗ ಹೊರಟಳು.

ನಿನ್ನ,
ಮುನಿಸಾಮಿ